ಅಲೀಮಾಳ ತೂಕ

ಕಾಸಿಂಬಿ ಕಾಕಿಯನ್ನು ನಾನು ಮೋಸಗಾತಿ ಎಂದು ಕರೆಯುವುದಿಲ್ಲ. ಮನಸ್ಸಿಲ್ಲದೆ ಅಲ್ಲ, ಧೈರ್ಯವಿಲ್ಲದೆ. ಕಮತಗಿಯ ನೇಕಾರರ ಓಣಿಯಲ್ಲಿ ಅವಳ ಬಾಯಿಗೆ ಸಿಕ್ಕು ಗೆದ್ದು ಬಂದವರಿಲ್ಲ. ನಾನು ಗುರುಲಿಂಗವ್ವ, ಆ ಓಣಿಯ ಆಶಾ ಕಾರ್ಯಕರ್ತೆ. ಹದಿನಾಲ್ಕು ವರ್ಷದಿಂದ ಅಲ್ಲಿಯ ಬಸುರಿ, ಬಾಣಂತಿ, ಕೂಸು, ಕೆಮ್ಮು ಎಲ್ಲವೂ ನನ್ನ ಪಾಲಿಗೇ ಬಿದ್ದಿವೆ. ಗಂಡಸರನ್ನೂ ಗದರಿಸುವ ನನ್ನಂಥವಳನ್ನೇ ಕಾಕಿ ಎರಡು ಸಲ ಅಳಿಸಿ ಕಳಿಸಿದ್ದಾಳೆ. ಆದರೂ ಈ ಮಳೆಗಾಲದಲ್ಲಿ ಅವಳು ಮಾಡಿದ್ದನ್ನು ಹೇಳದೆ ಬಿಟ್ಟರೆ ನನ್ನ ಹೊಟ್ಟೆ ಉಬ್ಬಿ ಒಡೆದೀತು. ಜೊತೆಗೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ, ಅದಕ್ಕೇ ಇಷ್ಟು ದಿನ ತಡವಾಯಿತು.

ಮೊದಲು ನೇಕಾರರ ಮನೆಯ ಒಂದು ಪದ್ಧತಿ ಗೊತ್ತಿರಬೇಕು. ಸಾವಕಾರ ನೂಲು, ರೇಷ್ಮೆ ಎಲ್ಲವನ್ನೂ ತೂಗಿ ಕೊಡುತ್ತಾನೆ. ಸೀರೆ ನೇಯ್ದು ಒಯ್ದಾಗ ಅದನ್ನೂ ತೂಗುತ್ತಾನೆ. ಕೊಟ್ಟಷ್ಟು ತಿರುಗಿ ಬರಬೇಕು. ಕಡಿಮೆ ಬಿತ್ತೋ, ಅಲ್ಲಿ ಕೂತ ಹತ್ತು ಮಂದಿಯ ಎದುರು ಒಂದೇ ಮಾತು: "ನೂಲು ಎಲ್ಲಿ ಹೋತು?" ಆ ಮಾತು ಕೇಳಿಸಿಕೊಂಡ ಮನೆ ಮರುದಿನದಿಂದ ಕಳ್ಳರ ಮನೆ. ಅದಕ್ಕಾಗಿ ಕೊನೆಯಲ್ಲಿ ಗಂಜಿ ಸ್ವಲ್ಪ ಗಟ್ಟಿಯಾಗಿ ಹಚ್ಚುವುದು, ಹಿಂದಿನ ದಿನ ಸೀರೆಯನ್ನು ನೀರಿನ ಕೊಡದ ಪಕ್ಕ ಇಟ್ಟು ತಂಪು ಹಿಡಿಸುವುದು, ಇಂಥ ಚಾಲಾಕಿಗಳುಂಟು. ಎಲ್ಲರೂ ಮಾಡುತ್ತಾರೆಂದು ನಾನು ಹೇಳುವುದಿಲ್ಲ. ಕಾಸಿಂಬಿ ಕಾಕಿ ಮಾಡುತ್ತಾಳೆ. ನಲವತ್ತು ವರ್ಷದಲ್ಲಿ ಅವಳ ಸೀರೆ ಒಂದು ಸಲವೂ ತೂಕದಲ್ಲಿ ಕಡಿಮೆ ಬಿದ್ದಿಲ್ಲ. ಆ ಮಾತು ಹೇಳುವಾಗ ಅವಳು ಸೆರಗು ಸರಿಮಾಡಿಕೊಂಡು ಎದೆಯುಬ್ಬಿಸಿ ಕೂರುತ್ತಾಳೆ.

ಅವಳ ಮೊಮ್ಮಗಳು ಅಲೀಮಾ. ವಯಸ್ಸು ಮೂರೂ ಮುಕ್ಕಾಲು. ಜನವರಿಯಲ್ಲಿ ಅಂಗನವಾಡಿಗೆ ಸೇರಿದಳು. ಅಲ್ಲಿ ತಿಂಗಳ ಮೊದಲ ಶನಿವಾರ ಮಕ್ಕಳ ತೂಕ. ತೂಕವನ್ನು ಗೋಡೆಯ ಪಟ್ಟಿಯಲ್ಲಿ ಬರೆದು ಹಸಿರು, ಹಳದಿ, ಕೆಂಪು ಚುಕ್ಕಿ ಇಡುತ್ತಾರೆ. ಮೊದಲ ತಿಂಗಳು, ಸೇರಿಸಿಕೊಳ್ಳುವಾಗ ಅಂಗಿ ತೆಗೆಸಿ ತೂಗಿದಾಗ, ಅಲೀಮಾ ಹನ್ನೊಂದು ಕಿಲೋ ಒಂಬೈನೂರು ಗ್ರಾಂ ಇದ್ದಳು, ಆಮೇಲೆ ತಿಂಗಳು ತಿಂಗಳು ಏರುತ್ತಾ ಜೂನ್ ಮೊದಲ ವಾರಕ್ಕೆ ಹನ್ನೆರಡೂವರೆ. ಓಣಿಯ ಬೇರೆ ಮಕ್ಕಳು ಬೇಸಿಗೆಯಲ್ಲಿ ಇಳಿದರೂ ಇವಳು ಇಳಿಯಲಿಲ್ಲ. ಕಾಕಿ ಸಂತೆಗೆ ಹೋಗುವಾಗಲೂ ಅಂಗನವಾಡಿಯ ಬಾಗಿಲಲ್ಲಿ ಇಣುಕಿ, ಹಸಿರು ಚುಕ್ಕಿ ಇದೆಯೇ ಎಂದು ನೋಡಿ ಹೋಗುತ್ತಿದ್ದಳು.

ಅದೇ ಜೂನ್ ತಿಂಗಳಲ್ಲಿ ಅವಳ ಗಂಡ ಹುಸೇನಪೀರ ಕಾಕಾನಿಗೆ ಟೀಬಿ ಎಂದು ಗೊತ್ತಾಯಿತು. ನಾಲ್ಕು ತಿಂಗಳ ಕೆಮ್ಮು. "ನೂಲಿನ ಧೂಳು, ಬ್ಯಾರೇನಲ್ಲ" ಎಂದು ಮುದುಕ ಮಗ್ಗದ ಕುಣಿಯಲ್ಲೇ ಕೂತು ಕೆಮ್ಮಿಕೊಂಡಿದ್ದ, ಅಲೀಮಾ ಅವನ ತೊಡೆಯ ಮೇಲೇ ಆಡಿಕೊಂಡಿದ್ದಳು. ಕಫದ ಪರೀಕ್ಷೆಯ ಫಲ ಬಂದ ದಿನ ಆತ ಹೊರಗಿನ ಕಟ್ಟೆಗೆ ಹೋಗಿ ಕೂತ. ಗುಳಿಗೆ ಶುರುವಾದ ಮೇಲೂ ಮೊಮ್ಮಗಳನ್ನು ಹತ್ತಿರ ಕರೆಯಲಿಲ್ಲ. ಅವಳು ಓಡಿ ಬಂದರೆ ಎದ್ದು ಇನ್ನೊಂದು ಕಟ್ಟೆಗೆ ಹೋಗುತ್ತಿದ್ದ.

ಮನೆಯಲ್ಲಿ ಒಬ್ಬರಿಗೆ ಬಂದರೆ ಐದು ವರ್ಷದೊಳಗಿನ ಮಗುವನ್ನು ನೋಡಲೇಬೇಕು. ಅದಕ್ಕೆ ನನ್ನ ಫೋನಿನಲ್ಲಿ ಒಂದು ಪ್ರಶ್ನಾವಳಿ ಇದೆ. ಉತ್ತರ ತುಂಬಿದರೆ ಮಗುವಿಗೆ ಅಪಾಯ ಎಷ್ಟು ಎಂದು ಫೋನೇ ಬಣ್ಣದಲ್ಲಿ ತೋರಿಸುತ್ತದೆ. ನಾನು ಕಾಕಿಯ ಪಡಸಾಲೆಯಲ್ಲಿ ಕೂತು ಕೇಳಿದೆ.

"ಕೆಮ್ಮು ಐತೇನ ಕಾಕಿ?"

"ಇಲ್ಲ."

"ಸಂಜಿ ಮುಂದ ಮೈ ಬಿಸಿ ಆಗತೈತೇನ?"

"ಆಟ ಆಡಿ ಬಂದ್ರ ನಿನ್ನ ಮೈನೂ ಬಿಸಿ ಆಗತೈತಿ. ಬರಿ, ಇಲ್ಲ ಅಂತ."

"ಉಣ್ಣತಾಳ?"

"ನನ್ನ ಮನ್ಯಾಗ ಉಣ್ಣಾಕ ಕಮ್ಮಿ ಮಾಡೀನಂತ ಯಾವಾಕಿ ಹೇಳಿದಾಕಿ? ಹೆಸರು ಹೇಳು!"

ತೂಕದ ಪ್ರಶ್ನೆ ಬಂದಾಗ ನಾನು ಮಗುವನ್ನು ಎತ್ತಿ ತೂಗಬೇಕಿತ್ತು. ತೂಗಲಿಲ್ಲ. ಕಾಕಿಯ ಬಾಯಿಯಿಂದ ಬೇಗ ತಪ್ಪಿಸಿಕೊಂಡರೆ ಸಾಕಾಗಿತ್ತು. ಗೋಡೆಯ ಪಟ್ಟಿಯ ಫೋಟೋ ನನ್ನಲ್ಲಿತ್ತು, ಅದರಲ್ಲಿದ್ದುದನ್ನೇ ತುಂಬಿದೆ. ಫೋನು ಹಸಿರು ತೋರಿಸಿತು. ಅಪಾಯ ಕಡಿಮೆ.

ಹುನಗುಂದದ ದವಾಖಾನೆಯಲ್ಲಿ ಮಕ್ಕಳ ಡಾಕ್ಟರು ವಿಜಯಮಹಾಂತೇಶ ಎದೆಯ ಫೋಟೋ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಒಂದ್ ಕಡೆ ಸ್ವಲ್ಪ ಮಬ್ಬು ಕಾಣ್ತೇತ್ರಿ, ಆದ್ರ ಇಷ್ಟರ ಮ್ಯಾಲೆ ಏನೂ ಹೇಳಾಕಾಗೂದಿಲ್ಲ. ಸಣ್ಣ ಮಕ್ಕಳು ಕಫ ಉಗುಳೂದಿಲ್ಲ, ನುಂಗಿಬಿಡ್ತಾವು. ಏನಾಗೇತಿ ಅಂತ ಬಾಯಿಬಿಟ್ಟು ಹೇಳೂದೂ ಇಲ್ಲ. ನಮಗ ಖರೆ ಸಾಕ್ಷಿ ಹೇಳೂದು ತೂಕ ಒಂದ" ಎಂದರು. ಆಮೇಲೆ ನನ್ನ ಪಟ್ಟಿಯ ಮೇಲೆ ಕಣ್ಣಾಡಿಸಿ ಸಮಾಧಾನಪಟ್ಟರು. "ಆರು ತಿಂಗಳಿಂದ ಏರಕೋತ ಬಂದೇತಿ. ರೋಗ ಹತ್ತಿಲ್ಲ ಅಂತ ಹಿಡಿಯೂಣು. ಹತ್ತಬಾರದಂತ ಮುಂಜಾಗ್ರತಿ ಗುಳಗಿ ಸೋಮವಾರದಿಂದ ಚಾಲೂ ಮಾಡೂಣು. ರೋಗ ಒಳಗ ಹೊಕ್ಕಿದ್ರ ಮಾತ್ರ ಆ ಗುಳಗಿ ಸಾಲೂದಿಲ್ಲ ನೋಡ್ರಿ, ಅದರ ಔಷಧನ ಬ್ಯಾರೆ."

ಕಾಕಿ ಸೆರಗು ಸರಿಮಾಡಿಕೊಂಡಳು.

ಅದು ಜುಲೈ ಮೊದಲ ವಾರದ ಗುರುವಾರ. ಶುಕ್ರವಾರ ಕೊಳವೆಬಾವಿಯ ಹತ್ತಿರ ಕಾಕಿಯ ಸೊಸೆ, ಅಲೀಮಾಳ ತಾಯಿ ಸಾಜಿಯಾ ಸಿಕ್ಕಳು. ಮಾತು ಕಡಿಮೆಯ ಹುಡುಗಿ, ಅತ್ತೆ ಇರುವ ಮನೆಯಲ್ಲಿ ಇನ್ನೊಬ್ಬರ ಮಾತಿಗೆ ಜಾಗವೂ ಇರಲಿಲ್ಲ. ಕೊಡ ತುಂಬುತ್ತಾ, ನನ್ನ ಮುಖ ನೋಡದೆ ಹೇಳಿದಳು: "ಅಕ್ಕಾ, ನಾಳೆ ತೂಕದ ದಿನ. ನೀವು ಸ್ವಲ್ಪ ಲಗೂನ ಬರ್ರಿ. ಹಿತ್ತಲ ಬಾಗಿಲ ಹಾದು ಬರ್ರಿ." ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋಗಿಬಿಟ್ಟಳು.

ಹೋದೆ. ಕದ್ದು ನೋಡುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ, ಆದರೆ ಅದರಲ್ಲಿ ನನಗೆ ಮೊದಲಿಂದಲೂ ಒಳ್ಳೆಯ ಕೈ. ಹಿತ್ತಲ ಬಾಗಿಲ ಸಂದಿಯಿಂದ ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಅಲೀಮಾ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಎದುರಿಗೆ ಕಾಕಿ, ಕೈಯಲ್ಲಿ ದೊಡ್ಡ ಲೋಟದ ತುಂಬ ಜೋಳದ ಅಂಬಲಿ.

"ಇನ್ನೊಂದು, ನನ್ನ ರಾಣಿ."

"ಹೊಟ್ಟಿ ತುಂಬೇತಿ ದಾದಿ," ಎಂದಳು ಅಲೀಮಾ. ಅಜ್ಜಿಯನ್ನು ಅವಳು ದಾದಿ ಎಂದೇ ಕರೆಯುವುದು.

"ತುಂಬಬೇಕಂತನ ಕುಡಸಾಕತ್ತೀನಿ. ಕುಡದು ಏನು ಮಾಡಬೇಕು?"

"ತಡಕೋಬೇಕು."

"ಎಲ್ಲೀತನ?"

"ತೂಕ ಆಗೂತನ," ಎಂದು ಅಲೀಮಾ ಪಾಠ ಒಪ್ಪಿಸಿದಳು. ಅವಳ ಮುಖದ ತುಂಬ ಕಳ್ಳನಗು. ಅಜ್ಜಿ ಮೊಮ್ಮಗಳಿಬ್ಬರಿಗೂ ಇದು ಪ್ರತಿ ತಿಂಗಳ ಹಬ್ಬ ಎಂದು ಗೊತ್ತಾಗಲು ನನಗೆ ಅಷ್ಟೇ ಸಾಕಾಯಿತು. ಆಮೇಲೆ ಕಾಕಿ ಪೆಟ್ಟಿಗೆ ತೆಗೆದು ದಪ್ಪನೆಯ ಬೆಳ್ಳಿಯ ಉಡದಾರ ಹಾಕಿದಳು. ಅದರ ಮೇಲೆ ಮೂರು ಪದರಿನ ಜರಿ ಅಂಚಿನ ಅಂಗಿ.

ನಗು ಬಂದದ್ದೂ ಖರೆ, ಮೈ ಉರಿದದ್ದೂ ಖರೆ. ಮುದುಕಿ ಮೊಮ್ಮಗಳಿಗೆ ಗಂಜಿ ಹಚ್ಚುತ್ತಿದ್ದಾಳೆ! ಅಲ್ಲೇ ಒಳಗೆ ನುಗ್ಗಿ ಹಿಡಿಯಬಹುದಿತ್ತು. ಆದರೆ ಆ ಮನೆಯೊಳಗೆ ಕಾಕಿಯನ್ನು ಮಾತಿನಲ್ಲಿ ಗೆಲ್ಲುವುದು ಆಗದ ಮಾತು. ಸಾಜಿಯಾಳ ಹೆಸರೂ ಹೊರಗೆ ಬರುತ್ತಿತ್ತು. ನಾನು ಸೀದಾ ಅಂಗನವಾಡಿಗೆ ಓಡಿ ಅಲ್ಲಿಯ ಆಯಾ ಸಿದ್ದವ್ವನ ಕಿವಿಯಲ್ಲಿ ಎರಡು ಮಾತು ಹೇಳಿದೆ. ಕಾಕಿಯ ಹತ್ತಿರ ಬೈಸಿಕೊಂಡವರಲ್ಲಿ ಸಿದ್ದವ್ವನೂ ಒಬ್ಬಳು. ಕೇಳಿ ಅವಳ ಮುಖ ಅರಳಿತು.

ಕಾಕಿ ಮೊಮ್ಮಗಳನ್ನು ಕಂಕುಳಲ್ಲಿ ಹೊತ್ತು ಬಂದವಳೇ, "ಗುರುಲಿಂಗವ್ವಾ, ನಮ್ಮದು ಮೊದಲ ತೂಗು, ಒಲಿ ಮ್ಯಾಲೆ ಸಾರು ಇಟ್ಟು ಬಂದೀನಿ" ಎಂದಳು.

"ತೂಗೂಣ್ರಿ ಕಾಕಿ, ಅವಸರ ಏನು? ಮೊದಲ ಕೈ ತೊಳಕೊಳ್ಳೂದು ಹೆಂಗಂತ ಮಕ್ಕಳಿಗೆ ಹೇಳಿಕೊಡಬೇಕು, ಮ್ಯಾಲಿನವರ ಆರ್ಡರ್ ಐತಿ."

ಕೈ ತೊಳೆಯುವ ಆರು ಹಂತಗಳನ್ನು ನಾನು ಹನ್ನೆರಡು ಮಾಡಿ ಹೇಳಿದೆ. ಬೆರಳ ಸಂದಿ, ಉಗುರ ಸಂದಿ, ಮುಂಗೈ, ಹಿಂಗೈ. ಕಾಕಿ ಕಾಲು ಬದಲಿಸಿದಳು. ಕಂಕುಳಿನಿಂದ ಇಳಿದ ಅಲೀಮಾ ಕಾಲಿಗೆ ಕಾಲು ಹೆಣೆದಳು. ಆಮೇಲೆ ಹಸಿರು ತರಕಾರಿಯ ಮಹತ್ವ ಹೇಳಿದೆ. ಅಲೀಮಾ ಕುಣಿಯತೊಡಗಿದಳು. ಕಾಕಿ ಅವಳ ಭುಜ ಒತ್ತಿ, "ತಡಕೋ, ತಡಕೋ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಆಗ ಸಿದ್ದವ್ವ ಮೂಲೆಯಲ್ಲಿ ಕೂತು ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಸುರಿಯಲು ಶುರುಮಾಡಿದಳು. ಸಣ್ಣ ಧಾರೆ. ನಿಧಾನಕ್ಕೆ. ಸುರ್ರೆಂದು ಸದ್ದು ಕೇಳುವಂತೆ.

"ಏ ಸಿದ್ದವ್ವಾ, ನಿನಗ ಈಗನ ಹೊತ್ತು ಸಿಕ್ಕಿತೇನ ನೀರು ತುಂಬಾಕ!"

"ಹೌದ್ರಿ ಕಾಸಿಂಬವ್ವಾರ, ಕುಡಿಯೂ ನೀರು, ಸೋಸಿ ಹಾಕಬೇಕ್ರಿ."

ಅಲೀಮಾ ಅಜ್ಜಿಯ ಕೈ ಕೊಸರಿಕೊಂಡು ಹೊರಗೆ ಓಡಿದಳು. ಗೋಡೆಯ ಮರೆಯಲ್ಲಿ ಬಹಳ ಹೊತ್ತು ಕೂತು, ಲೋಕವನ್ನೇ ಗೆದ್ದ ಮುಖ ಮಾಡಿಕೊಂಡು ತಿರುಗಿ ಬಂದಳು. ಕಾಕಿಯ ಮುಖ ಮಾತ್ರ ಇಳಿದಿತ್ತು.

"ಅಂಗಿ, ಉಡದಾರ ತೆಗದು ತೂಗೂಣ್ರಿ ಕಾಕಿ," ಎಂದೆ.

"ಥಂಡಿ ಐತಿ, ಅಂಗಿ ತೆಗೀಬ್ಯಾಡ."

ಸಿದ್ದವ್ವ ಅಷ್ಟರಲ್ಲಿ ಗುಂಡಿ ಬಿಚ್ಚಿಯಾಗಿತ್ತು. ಅಂಗಿ ನೆಲಕ್ಕೆ ಬಿತ್ತು. ಬಿದ್ದದ್ದು ಬಟ್ಟೆ, ಸದ್ದಾದದ್ದು ಠಣ್ ಎಂದು. ಎತ್ತಿ ನೋಡಿದರೆ ಕೆಳಗಿನ ಪದರಿನೊಳಗೆ ಪೆಟ್ಟಿಗೆಗೆ ಹಾಕುವ ಹಿತ್ತಾಳೆಯ ಬೀಗವೊಂದನ್ನು ಇಟ್ಟು ಹೊಲಿದಿತ್ತು.

"ಇದೇನ್ರಿ ಕಾಕಿ?"

ಕಾಕಿ ಒಂದು ಕ್ಷಣವೂ ತಡವರಿಸಲಿಲ್ಲ. "ಕೂಸಿಗೆ ದೃಷ್ಟಿ ಆಗಬಾರದಂತ."

"ದೃಷ್ಟಿಗೆ ಬೀಗ ಯಾಕ?"

"ಒಳಗ ಬರಬಾರದಂತ!"

ಸಿದ್ದವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಾನೂ ನಕ್ಕೆ. ನಗುತ್ತಲೇ ಅಲೀಮಾಳ ಕಡೆ ತಿರುಗಿದೆ, ನಗು ಬಾಯಲ್ಲೇ ನಿಂತಿತು. ಅಂಗಿ ಇಲ್ಲದೆ ಆ ಮಗುವನ್ನು ನಾನು ಆರು ತಿಂಗಳಿಂದ ನೋಡಿರಲಿಲ್ಲ. ಪಕ್ಕೆಲುಬು ಒಂದೊಂದಾಗಿ ಎಣಿಸುವಂತಿದ್ದವು. ತೋಳು ನನ್ನ ಎರಡು ಬೆರಳಷ್ಟು. ಅಂಬಲಿಯಿಂದ ಉಬ್ಬಿದ ಹೊಟ್ಟೆಯೊಂದೇ ದುಂಡಗಿತ್ತು. ತೂಗಿದರೆ ಆ ಅಂಬಲಿಯನ್ನೂ ಸೇರಿಸಿ ಹನ್ನೊಂದು ಕಿಲೋ ಎಂಟುನೂರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಏನೇನು ಅಂದೆನೋ ಈಗ ನೆನಪಿಲ್ಲ. ಹೊಟ್ಟೆ ಖಾಲಿ ಇದ್ದಾಗ ಇನ್ನೊಂದು ಸಲ ತೂಗಲೇಬೇಕು ಎಂದದ್ದು ನೆನಪಿದೆ. ಕಾಕಿ ಮೊಮ್ಮಗಳಿಗೆ ಅಂಗಿ ತೊಡಿಸಿ, "ನನ್ನ ಕೂಸಿನ್ನ ಮಂದಿ ಮುಂದ ಬತ್ತಲೆ ನಿಲ್ಲಿಸಿದಿ. ಇನ್ನ ನನ್ನ ಹೊಸ್ತಿಲ ತುಳದಿ ಅಂದ್ರ ನೋಡು" ಎಂದು ಹೋಗಿಬಿಟ್ಟಳು.

ನಾನು ತೂಕದ ಯಂತ್ರವನ್ನು ಮನೆಗೆ ಒಯ್ದೆ. ಸೋಮವಾರ ಗುಳಿಗೆ ಶುರುವಾಗುತ್ತದೆ, ಅದು ಸಾಲದ ಗುಳಿಗೆಯಾಗಿದ್ದರೆ ರೋಗ ಒಳಗೊಳಗೇ ಬೆಳೆಯುತ್ತದೆ. ಆ ಹಸಿರು ಬಣ್ಣವನ್ನು ಫೋನಿಗೆ ಕೊಟ್ಟವಳು ನಾನೇ. ಕಾಕಿ ಸುಳ್ಳು ತೂಕ ಕೊಟ್ಟಳು ಸರಿ, ಅದನ್ನು ನೋಡದೆ ಬರೆದುಕೊಂಡವಳು ಯಾರು? ಡಾಕ್ಟರಿಗೆ ಫೋನು ಮಾಡಲು ಮೂರು ಸಲ ಕೈ ಹಾಕಿದೆ. ಬರಿ ಅನುಮಾನ ಇಟ್ಟುಕೊಂಡು ಏನು ಹೇಳುವುದು ಎಂದು ಮೂರು ಸಲವೂ ಬಿಟ್ಟೆ. ನಿಜ ಹೇಳಬೇಕೆಂದರೆ ನಾಚಿಕೆಯಾಗಿತ್ತು.

ಭಾನುವಾರ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹೊಡೆಯುತ್ತಿದ್ದೆ. ಕಾಸಿಂಬಿ ಕಾಕಿ ಬಂದು ನಿಂತಳು. ಹೆಗಲ ಮೇಲೆ ಅಲೀಮಾ, ಇನ್ನೂ ನಿದ್ದೆಗಣ್ಣು. ಉಡದಾರವಿಲ್ಲ, ಕಾಲಲ್ಲಿ ಗೆಜ್ಜೆಯಿಲ್ಲ, ಕೊರಳಿನ ತಾಯತವನ್ನೂ ಬಿಚ್ಚಿ ಕಾಕಿ ತನ್ನ ಮುಷ್ಟಿಯಲ್ಲಿ ಹಿಡಿದಿದ್ದಳು.

"ತೂಗು," ಎಂದಳು.

ತೂಗಿದೆ. ಹನ್ನೊಂದು ಕಿಲೋ ಮುನ್ನೂರು. ಜನವರಿಗಿಂತ ಆರುನೂರು ಗ್ರಾಂ ಕಡಿಮೆ. ಏರಬೇಕಾದ ಆರು ತಿಂಗಳಲ್ಲಿ ಮಗು ಇಳಿದಿತ್ತು.

ಕಾಕಿ ಯಂತ್ರದ ಅಂಕಿಯನ್ನೇ ನೋಡುತ್ತಾ ನಿಂತಳು. "ಸೀರಿ ಹಗುರ ಬಂದ್ರ ನೂಲು ಕದ್ದೀರಿ ಅಂತಾರ. ಕೂಸು ಹಗುರ ಬಂದ್ರ ಕೂಸಿನ ಬಾಯಾಗಿಂದು ಕದ್ದು ತಿಂದೀರಿ ಅನ್ನೂದಿಲ್ಲೇನ? ಓಣ್ಯಾಗ ಮೊದಲ ಮಾತು ಸಾಜಿಯಾನ ಮ್ಯಾಲೆ ಬರತಿತ್ತು. ಆಕಿ ಬ್ಯಾರೆ ಊರಿಂದ ಬಂದ ಹುಡುಗಿ, ತಿರುಗಿ ಮಾತಾಡಾಕ ಬರೂದಿಲ್ಲ. ಅದಕ್ಕ ಮಾಡಿದೆ."

ನಿನ್ನನ್ನು ಹಿಡಿದುಕೊಟ್ಟವಳು ಅದೇ ಸಾಜಿಯಾ ಎಂದು ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

"ಕೂಸು ನಮ್ಮದ್ರಿ ಕಾಕಿ, ಯಾವ ಸಾವಕಾರಗೂ ತಿರುಗಿ ಕೊಡೂದಿಲ್ಲ," ಎಂದೆ. "ತಪ್ಪು ನಂದೂ ಐತಿ. ನಾ ತೂಗದ ಬರದೆ."

"ಸಂಜಿ ಮುಂದ ಮೈ ಬಿಸಿ ಆಗತೈತಿ," ಎಂದಳು ಕಾಕಿ. ದನಿ ತೀರಾ ಸಣ್ಣದಾಗಿತ್ತು. "ತಿಂಗಳಾತು. ನಾ ಸುಳ್ಳು ಹೇಳಿದೆ. ಆ ಗುಳಗಿ ಸಾಲೂದಿಲ್ಲ ಅಂದಿದ್ರಲ್ಲ ಡಾಕ್ಟರು, ರಾತ್ರಿಯೆಲ್ಲಾ ಅದನ್ನ ನೆನಸಿದೆ."

ಈಗ ಖರೆ ಉತ್ತರಗಳನ್ನು ಫೋನಿಗೆ ತುಂಬಿದೆ. ಕ್ಷಣದಲ್ಲಿ ಕೆಂಪಾಯಿತು. ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ, ನನ್ನ ಪಾಲಿನದನ್ನೂ ಸೇರಿಸಿ. ಅವರು ಮೊದಲು, "ಬೀಗಾ?" ಎಂದು ಕೇಳಿದರು. ಆಮೇಲೆ, "ಮುಂಜಾಗ್ರತಿ ಗುಳಗಿ ಬ್ಯಾಡ. ನಾಳೆ ಮೊದಲನೇ ಬಸ್ಸಿಗೆ ಕರಕೊಂಡು ಬರ್ರಿ. ನುಂಗಿದ ಕಫ ಹೊಟ್ಟ್ಯಾಗ ಇರತೈತಿ, ಅದನ್ನ ತಗದು ಪರೀಕ್ಷಾ ಮಾಡೂಣು. ಆದ್ರ ಹೊಟ್ಟಿ ಪೂರಾ ಖಾಲಿ ಇರಬೇಕು. ನೀರೂ ಬ್ಯಾಡ" ಎಂದರು.

ಆ ಬಸ್ಸಿನ ಪ್ರಯಾಣವನ್ನು ನಾನು ಮರೆಯುವುದಿಲ್ಲ. ಅಲೀಮಾಳಿಗೆ ಇದು ಯಾವ ನ್ಯಾಯವೆಂದೇ ತಿಳಿಯಲಿಲ್ಲ. ತೂಕಕ್ಕೆ ಹೋಗುವಾಗ ಕುಡಿ ಕುಡಿ ಎನ್ನುತ್ತಿದ್ದ ಅಜ್ಜಿ ಈಗ ಒಂದು ಗುಟುಕು ನೀರೂ ಕೊಡುತ್ತಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಕಿಟಕಿಯ ಎದುರಿಗೇ ಕರದಂಟಿನ ಅಂಗಡಿ, ಆಗಷ್ಟೇ ಬಾಗಿಲು ತೆಗೆದು ಡಬ್ಬಿ ಜೋಡಿಸುತ್ತಿದ್ದರು. ಮಗು ಕೈ ಚಾಚಿ ಅತ್ತಳು. ಕಾಕಿಯ ಕೈ ಸೊಂಟದ ಸಂಚಿಯ ಕಡೆಗೆ ಹೋಯಿತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದೆ. "ನೀ ನನ್ನ ಏನಂತ ತಿಳದಿ?" ಎಂದು ಗದರಿಸಿದಳು. ಸಂಚಿಯಿಂದ ಅವಳು ತೆಗೆದದ್ದು ಕರವಸ್ತ್ರ. ಅದರಿಂದ ಮಗುವಿನ ಕಣ್ಣೊರೆಸಿ, ಅಂಗಡಿ ಕಾಣದಂತೆ ಕಿಟಕಿಗೆ ತನ್ನ ಸೆರಗು ಹಿಡಿದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮೂಗಿನಿಂದ ಸಣ್ಣ ನಳಿಕೆ ಹಾಕುವಾಗ ಅಲೀಮಾ ಕಿರುಚಿದ್ದು ರಸ್ತೆಗೆ ಕೇಳಿರಬೇಕು. ಕಾಕಿ ಅವಳ ಎರಡೂ ಕೈ ಹಿಡಿದು, ನರ್ಸಿಗೆ, ಡಾಕ್ಟರಿಗೆ, ನಳಿಕೆ ಮಾಡಿದವನಿಗೆ, ಅವನ ತಂದೆಗೆ, ಎಲ್ಲರಿಗೂ ಬೈದಳು. ಕೈ ಮಾತ್ರ ಬಿಡಲಿಲ್ಲ. ಎರಡು ದಿನಕ್ಕೆ ಫಲ ಬಂತು. ಟೀಬಿ ಇತ್ತು. "ಎದಿಯೊಳಗಿನ ಗಂಟಿನಾಗ ಅಷ್ಟ ಐತಿ, ಇನ್ನೂ ಹರವಿಲ್ಲ. ಈಗ ಸಿಕ್ಕಿದ್ದು ಚಲೋ ಆತು. ಇನ್ನೆರಡು ತಿಂಗಳು ಹಿಂಗ ಬಿಟ್ಟಿದ್ರ ಮಿದುಳಿಗೂ ಏರಬಹುದಿತ್ತು" ಎಂದರು ಡಾಕ್ಟರು. ಕಾಕಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು, ಆವತ್ತು ಒಂದೂ ಬೈಗುಳ ಬರಲಿಲ್ಲ.

ಗುಳಿಗೆ ಎಷ್ಟು ಎಂಬುದೂ ತೂಕದ ಮೇಲೆಯೇ. ಹನ್ನೆರಡು ಕಿಲೋದ ಕೆಳಗಿದ್ದರೆ ದಿನಕ್ಕೆ ಎರಡು, ಅದಕ್ಕಿಂತ ಮೇಲಾದರೆ ಮೂರು. ನೀರಿನಲ್ಲಿ ಕರಗಿಸಿ ಕುಡಿಸುವ ಗುಳಿಗೆಗಳು. ಅಲೀಮಾ ಮೊದಲ ವಾರ ಉಗುಳಿದಳು, ಎರಡನೆಯ ವಾರ ಕಟ್ಟೆಯ ಕೆಳಗೆ ಅಡಗಿ ಕೂತಳು. ಮೂರನೆಯ ವಾರ ಹುಸೇನಪೀರ ಕಾಕಾ ತನ್ನ ಗುಳಿಗೆ ಹಿಡಿದು ಅವಳ ಎದುರು ಬಂದು ಕೂತ. ಅವನ ಕೆಮ್ಮಿನಿಂದ ಇನ್ನು ಯಾರಿಗೂ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಯಾರು ಮೊದಲ ನುಂಗ್ತಾರ ನೋಡೂಣು" ಎಂದ. ಆಮೇಲೆ ದಿನಾ ಬೆಳಿಗ್ಗೆ ಅದೇ ಪಂದ್ಯ, ದಿನಾ ಮುದುಕನದೇ ಸೋಲು.

ಎರಡು ತಿಂಗಳಾದ ಮೇಲೆ ಮತ್ತೆ ಹುನಗುಂದಕ್ಕೆ ಹೋದೆವು. ತೂಕದ ಯಂತ್ರದ ಹತ್ತಿರ ಹೋಗುವ ಮೊದಲು ನಾನು ಅಲೀಮಾಳ ಅಂಗಿಯ ಅಂಚನ್ನೆಲ್ಲ ಮುಟ್ಟಿ ನೋಡಿದೆ. ಕಾಕಿ ತಾನಾಗಿ ಅಂಗಿ ಬಿಚ್ಚಿ ನನ್ನ ಮುಖಕ್ಕೇ ಎಸೆದಳು. "ಉಪವಾಸ ಕರಕೊಂಡು ಬಂದೀನಿ. ಮೂತ್ರಾನೂ ಮಾಡಿಸೀನಿ. ಇನ್ನ ಕೂದಲನೂ ಬೋಳಿಸಲೇನ?"

ಹನ್ನೆರಡು ಕಿಲೋ ಇನ್ನೂರು.

ಕಾಕಿ ನಂಬಲಿಲ್ಲ. ಇಳಿಸಿ ಇನ್ನೊಂದು ಸಲ ತೂಗಿಸಿದಳು. ಯಂತ್ರ ಕೆಟ್ಟಿರಬಹುದೆಂದು ತಾನೇ ಹತ್ತಿ ನೋಡಿದಳು, ನರ್ಸನ್ನೂ ಹತ್ತಿಸಿದಳು. ಮೂರನೆಯ ಸಲವೂ ಅಷ್ಟೇ ಬಂತು. ಡಾಕ್ಟರು ಚೀಟಿ ಬರೆಯುತ್ತಾ ಅಲೀಮಾಳ ಗಲ್ಲ ಹಿಂಡಿದರು. "ಶಾಬಾಸ್! ಹನ್ನೆರಡು ದಾಟಿದಿ. ನಾಳಿಂದ ದಿನಕ್ಕ ಮೂರು ಗುಳಗಿ."

ಅಲೀಮಾಳ ಮುಖ ಕಪ್ಪಿಟ್ಟಿತು. ಮೂರು ಬೆರಳು ಎತ್ತಿ ಎಣಿಸಿ ನೋಡಿಕೊಂಡಳು. ಆಮೇಲೆ ಅಜ್ಜಿಯ ಸೆರಗು ಹಿಡಿದು ಜಗ್ಗಿ, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು:

"ದಾದೀ, ತೂಕ ಕಮ್ಮಿ ಮಾಡ!"

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಕಾಕಿ ಬಾಯಿಗೆ ಸೆರಗು ಒತ್ತಿ ನಕ್ಕಳು, ನಗುತ್ತಾ ನಗುತ್ತಾ ಹಾಗೇ ಅಳತೊಡಗಿದಳು. ಮೊಮ್ಮಗಳನ್ನು ಎತ್ತಿ ಎದೆಗೊತ್ತಿಕೊಂಡು, "ಆ ವಿದ್ಯಾ ನನಗ ಬರೂದಿಲ್ಲವಾ, ನನ್ನವ್ವಾ, ಆ ವಿದ್ಯಾ ನಾ ಕಲಿಲೇ ಇಲ್ಲ" ಎಂದಳು.

ಅಲೀಮಾ ಬಸ್ ಸ್ಟ್ಯಾಂಡ್ ಬರುವವರೆಗೂ ನಮ್ಮಿಬ್ಬರ ಜೊತೆ ಮಾತಾಡಲಿಲ್ಲ.